ಹೆವಿ ಲೈಸೆನ್ಸ್ ಕೈಗೆ ಬಂತು, ಮೊದಲ ಕೆಲಸಕ್ಕೆ ಯಾರ ಹತ್ತಿರ ಸೇರಲಿ? ಮೂರು ಕಡೆ ಕರೆದಿದ್ದಾರೆ

ರಾಣೆಬೆನ್ನೂರು ಪಿಕಪ್

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಇಲ್ಲಿಯವರೆಗೆ ಬೊಲೆರೊ ಪಿಕಪ್ ಓಡಿಸುತ್ತಿದ್ದೆ. ತರಕಾರಿ, ಬೀಜದ ಚೀಲ, ಹುಬ್ಬಳ್ಳಿ ಎಪಿಎಂಸಿ, ದಾವಣಗೆರೆ, ಇಷ್ಟೇ ನನ್ನ ದಾರಿ. ಡ್ರೈವಿಂಗ್ ಸ್ಕೂಲ್‌ನಲ್ಲಿ ಕಲಿತು ಈಗ ಹೆವಿ ಮಾಡಿಸಿದ್ದೇನೆ. ಸ್ಕೂಲ್ ಗಾಡಿ ಬಿಟ್ಟರೆ ಲೋಡ್ ಇರುವ ದೊಡ್ಡ ಗಾಡಿ ಓಡಿಸಿದ ಅನುಭವ ಇಲ್ಲ.

ಮೂರು ಕಡೆಯಿಂದ ಕರೆ ಬಂದಿದೆ. ದಾವಣಗೆರೆಯಲ್ಲಿ ಒಬ್ಬ ಸಾವ್ಕಾರರಿದ್ದಾರೆ, ನಮ್ಮ ಮಾವನಿಗೆ ಪರಿಚಯ. ಎರಡು ಹತ್ತು ಚಕ್ರದ ಗಾಡಿ. ಮೆಕ್ಕೆಜೋಳ ತುಂಬಿ ನಾಮಕ್ಕಲ್ ಕಡೆ ಕೋಳಿ ಫೀಡ್ ಮಿಲ್‌ಗಳಿಗೆ ಕಳಿಸುತ್ತಾರೆ. ಸಂಬಳ ಅಂತಿಲ್ಲ, ಟ್ರಿಪ್ ಲೆಕ್ಕ, ಬಾಟಾ (ದಾರಿಯ ಊಟದ ಖರ್ಚಿನ ಭತ್ಯೆ) ಬೇರೆ. ಗಾಡಿ ಪೂರ್ತಿ ನನ್ನ ಕೈಗೇ ಕೊಡ್ತಾರಂತೆ. ಇನ್ನೊಂದು ಹುಬ್ಬಳ್ಳಿಯ ಪಾರ್ಸೆಲ್ ಕಂಪನಿ. ತಿಂಗಳ ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆ. ಆದರೆ ಮೊದಲು ಸೆಕೆಂಡ್ ಡ್ರೈವರ್ ಆಗಿ ಕೂರಬೇಕು. ಕೈಗೆ ಬರುವುದು ಕಡಿಮೆ. ಮೂರನೆಯದು ಸಂಡೂರು ಕಡೆ ಅದಿರಿನ ಟಿಪ್ಪರ್. ಅಲ್ಲಿ ಹೇಳಿದ ಮೊತ್ತ ಎಲ್ಲಕ್ಕಿಂತ ಜಾಸ್ತಿ.

ಮನೆಯಲ್ಲಿ ಅಪ್ಪ ಸಾವ್ಕಾರರ ಹತ್ತಿರ ಹೋಗು ಅಂತಾರೆ, ಗೆಳೆಯರು ಟಿಪ್ಪರ್ ಅಂತಾರೆ. ಈ ಲೈನ್‌ನಲ್ಲಿ ಇರುವವರು ಹೇಳಿ, ಮೊದಲ ಕೆಲಸ ಹುಡುಕುವಾಗ ಏನೇನು ನೋಡಬೇಕು?

ಹಳೇ ಹತ್ತು ಚಕ್ರ, ಚಿತ್ರದುರ್ಗ

ತಮ್ಮಾ, ದುಡ್ಡಿನ ಮಾತು ಆಮೇಲೆ. ಮೊದಲು ನಿನಗೆ ಯಾವ ಗಾಡಿ ಕೊಡ್ತಾರೋ ಅದನ್ನು ಹೋಗಿ ನೋಡು. ಆಫೀಸಿನಲ್ಲಿ ಚಹಾ ಕುಡಿದು ಮಾತಾಡಿ ಬರಬೇಡ, ಗಾಡಿ ನಿಂತಿರುವ ಜಾಗಕ್ಕೆ ಹೋಗು. ಓನರ್ ಎಂಥವನು ಅಂತ ಅವನ ಗಾಡಿ ನೋಡಿದರೇ ಅರ್ಧ ತಿಳಿಯುತ್ತದೆ.

ಇಂಜಿನ್ ಸ್ಟಾರ್ಟ್ ಮಾಡಿ ಏರ್ ಪೂರ್ತಿ ತುಂಬಿಸು. ಗಾಡಿ ಸಮತಟ್ಟಾದ ಕಡೆ ಇರಲಿ, ಚಕ್ರಕ್ಕೆ ಕಲ್ಲು ಇಟ್ಟಿರಲಿ. ಆಮೇಲೆ ಇಂಜಿನ್ ಆಫ್ ಮಾಡಿ ಬ್ರೇಕ್ ಪೆಡಲ್ ಒತ್ತಿ ಹಿಡಿದು ಗೇಜ್ ನೋಡು. ಮುಳ್ಳು ಸರಸರ ಇಳಿಯುತ್ತಿದ್ದರೆ ಎಲ್ಲೋ ಏರ್ ಲೀಕ್ ಇದೆ ಅಂತ ಅರ್ಥ. ಅಕ್ಕಪಕ್ಕ ಸದ್ದಿಲ್ಲದಿದ್ದರೆ ಬುಸ್ ಅನ್ನುವುದು ಕಿವಿಗೇ ಕೇಳುತ್ತದೆ. ಮುಂದಿನ ಎರಡು ಟೈರ್ ನೋಡು. ಹಿಂದೆ ರೀಟ್ರೆಡ್ (ಸವೆದ ಟೈರ್‌ಗೆ ಹೊಸ ರಬ್ಬರ್ ಅಂಟಿಸಿದ್ದು) ಹಾಕುವುದು ಎಲ್ಲ ಕಡೆ ಇದ್ದದ್ದೇ, ಆದರೆ ಮುಂದಿನ ಚಕ್ರಕ್ಕೂ ರೀಟ್ರೆಡ್ ಹಾಕಿದ್ದರೆ ಆ ಗಾಡಿ ಮುಟ್ಟಬೇಡ. ಮುಂದಿನ ಟೈರ್ ಸಿಡಿದರೆ ಸ್ಟೇರಿಂಗ್ ನಿನ್ನ ಮಾತು ಕೇಳುವುದಿಲ್ಲ. ಹಿಂದಿನ ಲೈಟ್, ರೇಡಿಯಂ ಪಟ್ಟಿ, ಸ್ಟೆಪ್ನಿ, ಜಾಕಿ, ವೈಪರ್, ತಾಡಪತ್ರಿ ಎಲ್ಲ ನೋಡು. ಹರಿದ ತಾಡಪತ್ರಿಯಲ್ಲಿ ಜೋಳ ಹೇರಿ ಕಳಿಸಿ, ಮಳೆಗೆ ನೆನೆದ ಮೇಲೆ ಡ್ರೈವರ್ ಲೆಕ್ಕದಲ್ಲಿ ಹಿಡಿಯುವವರು ಇದ್ದಾರೆ.

ಗಾಡಿ ನಂಬರ್ ಬರೆದುಕೊಂಡು ಬಾ. ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಎಫ್‌ಸಿ (ಗಾಡಿ ಫಿಟ್ ಇದೆ ಅನ್ನುವ ಸರ್ಟಿಫಿಕೇಟ್), ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ಯಾವತ್ತಿನವರೆಗೆ ಇದೆ ಅಂತ ತೋರಿಸುತ್ತದೆ. ಯಾರನ್ನೂ ಕೇಳುವ ಅಗತ್ಯ ಇಲ್ಲ. ಎಂಟು ವರ್ಷದ ಒಳಗಿನ ಗಾಡಿಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಅದಾದ ಮೇಲೆ ಪ್ರತಿ ವರ್ಷ. ಇನ್ಶೂರೆನ್ಸ್ ಮುಗಿದ ಗಾಡಿಯನ್ನು ರೋಡಿಗೆ ಬಿಡುವ ಓನರ್, ನಾಳೆ ನಿನಗೇನಾದರೂ ಆದರೆ ಬರ್ತಾನೆ ಅಂತ ನಂಬಬೇಡ.

ಇನ್ನೊಂದು ಮಾತು. ನಿನಗಿಂತ ಮೊದಲು ಆ ಗಾಡಿಯಲ್ಲಿ ಇದ್ದ ಡ್ರೈವರ್ ಯಾರು, ಯಾಕೆ ಬಿಟ್ಟ ಅಂತ ಕೇಳು. ಹೆಸರು, ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಅಕ್ಕಪಕ್ಕದ ಗ್ಯಾರೇಜ್‌ನಲ್ಲಿ, ಪಂಕ್ಚರ್ ಅಂಗಡಿಯಲ್ಲಿ ವಿಚಾರಿಸು. ಯಾವ ಓನರ್ ಬಿಲ್ ಕೊಡ್ತಾನೆ, ಯಾವನು ಸಾಲ ಇಟ್ಟಿದ್ದಾನೆ ಅಂತ ಟೈರ್ ಅಂಗಡಿಯವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ತೋರಣಗಲ್ಲು ಟಿಪ್ಪರ್

ಟಿಪ್ಪರ್ ಬಗ್ಗೆ ನಾನು ಹೇಳ್ತೀನಿ, ಅದೇ ನನ್ನ ಕೆಲಸ. ಒಳ್ಳೆಯದೂ ಇದೆ. ದೂರ ಹೋಗುವುದಿಲ್ಲ, ದಾರಿ ಗೊತ್ತಿರುತ್ತದೆ, ಭಾಷೆ ಸಮಸ್ಯೆ ಇಲ್ಲ. ರಿವರ್ಸ್, ಲೋಡ್ ಹಿಡಿತ, ಇಳಿಜಾರು, ಇವೆಲ್ಲ ಬೇಗ ಕೈಗೆ ಹತ್ತುತ್ತವೆ.

ಆದರೆ ಟ್ರಿಪ್ ಲೆಕ್ಕದ ದುಡ್ಡು ಅಂದರೆ ಎಷ್ಟು ಟ್ರಿಪ್ಪೋ ಅಷ್ಟು. ಜಾಸ್ತಿ ಮೊತ್ತ ಹೇಳಿದ್ದಾರೆ ಅಂದರೆ ಎಷ್ಟು ಟ್ರಿಪ್ ಹೊಡೆದರೆ ಅಷ್ಟು ಬರುತ್ತೆ ಅಂತ ಕೇಳು. ಪ್ಲಾಂಟ್ ಗೇಟ್‌ನಲ್ಲಿ ಕ್ಯೂ ನಿಂತ ಹೊತ್ತು ಯಾರ ಲೆಕ್ಕ ಅಂತಲೂ ಕೇಳು. ಕ್ಯೂನಲ್ಲಿ ಹೋದ ಸಮಯವನ್ನು ರೋಡಿನಲ್ಲಿ ಹಿಂದಕ್ಕೆ ತೆಗೆಯೋಣ ಅಂತ ಹುಡುಗರು ಓಡಿಸುವುದನ್ನು ದಿನಾ ನೋಡ್ತೀನಿ. ಅಪಘಾತ ಆಗುವುದೇ ಅಲ್ಲಿ.

ಬಾಡಿ ಎತ್ತುವಾಗ ನೆಲ ಸಮ ಇಲ್ಲದಿದ್ದರೆ ಗಾಡಿ ಮಗುಚುತ್ತದೆ. ಒದ್ದೆ ಅದಿರು ಒಂದು ಬದಿಗೆ ಅಂಟಿಕೊಂಡರೂ ಅಷ್ಟೇ. ಮೇಲೆ ಕರೆಂಟ್ ತಂತಿ ಇದೆಯಾ ಅಂತ ನೋಡದೆ ಎತ್ತಿದವರೂ ಇದ್ದಾರೆ. ಇದನ್ನೆಲ್ಲ ಪಕ್ಕದಲ್ಲಿ ನಿಂತು ಕಲಿಸುವ ಹಿರಿಯ ಡ್ರೈವರ್ ಆ ಕಡೆ ಇದ್ದಾರಾ? ಇದ್ದರೆ ಬಾ. ಮೊದಲ ದಿನವೇ ಕೀ ಕೈಗೆ ಕೊಟ್ಟು ಹೋಗು ಅಂದರೆ ಬರಬೇಡ.

ಒಂದೇ ಮಾಲನ್ನು ನಂಬಿದ ಕೆಲಸ ಇದು, ಅದೂ ನೆನಪಿರಲಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಸಾಲು ಸಾಲು ಲಾರಿ ನಿಂತಲ್ಲೇ ನಿಂತವು. ಕಂತು ಕಟ್ಟಲಾಗದೆ ಓನರ್‌ಗಳೂ ಹೋದರು, ಡ್ರೈವರ್‌ಗಳೂ ಊರು ಬಿಟ್ಟರು. ಈಗ ಒಂದಷ್ಟು ಅದಿರು ಕನ್ವೇಯರ್ ಬೆಲ್ಟ್ ಮೇಲೇ ಹೋಗುತ್ತಿದೆ.

ನೆಲಮಂಗಲ ಸೂಪರ್‌ವೈಸರ್

ನಾನು ಒಂದು ಪಾರ್ಸೆಲ್ ಕಂಪನಿಯ ಗೋಡೌನ್‌ನಲ್ಲಿ ಗಾಡಿ ಕಳಿಸುವ ಕೆಲಸ ಮಾಡ್ತೀನಿ. ನೀವು ಹೇಳಿದ ಕಂಪನಿ ಅಲ್ಲ. ಸೆಕೆಂಡ್ ಡ್ರೈವರ್ ಅಂದ ಕೂಡಲೇ ಹುಡುಗರು ಮುಖ ಸಣ್ಣ ಮಾಡ್ತಾರೆ. ಕ್ಲೀನರ್ ಕೆಲಸ ಮಾಡಿಸ್ತಾರೆ ಅನ್ನುವ ಭಯ. ಕೆಲವು ಕಡೆ ಅದು ನಿಜ. ಆದ್ದರಿಂದ ಸೇರುವ ಮೊದಲೇ ಕೇಳಿ: ಸ್ಟೇರಿಂಗ್ ಯಾವಾಗ ಕೊಡ್ತೀರಿ, ಮೊದಲು ಯಾವ ದಾರಿಯಲ್ಲಿ, ಹಗಲಾ ರಾತ್ರಿನಾ, ಟೆಸ್ಟ್ ಯಾರು ತಗೋತಾರೆ. ಒಳ್ಳೆಯ ಕಡೆ ಇದಕ್ಕೆಲ್ಲ ನೇರ ಉತ್ತರ ಸಿಗುತ್ತದೆ. "ನೋಡೋಣ, ಆಗುತ್ತೆ" ಅಂದರೆ ವರ್ಷಗಟ್ಟಲೆ ಎಡಗಡೆ ಸೀಟೇ ಗತಿ.

ಸರಿಯಾದ ಕಡೆ ಸೇರಿದರೆ ಆ ಎಡಗಡೆ ಸೀಟಿಗಿಂತ ಒಳ್ಳೆಯ ಶಾಲೆ ಇಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿಲೋಮೀಟರ್. ಒಂದೇ ದಾರಿ ಮತ್ತೆ ಮತ್ತೆ ಹೋಗುವಾಗ ಎಲ್ಲಿ ದನ ಅಡ್ಡ ಬರ್ತವೆ, ಎಲ್ಲಿ ಟ್ರ್ಯಾಕ್ಟರ್ ರಾಂಗ್ ಸೈಡಿನಲ್ಲಿ ಬರುತ್ತೆ, ಎಲ್ಲಿ ನಿಲ್ಲಿಸಿ ಮಲಗಬಹುದು ಅಂತ ತಿಳಿಯುತ್ತದೆ. ಪೇಪರ್ ಕೆಲಸವೂ ಕಲೀತೀರಿ. 50,000 ರೂಪಾಯಿ ಮೇಲಿನ ಮಾಲಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯ ಆನ್‌ಲೈನ್ ಚೀಟಿ) ಬೇಕು. ಅದರ ಅವಧಿ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕ. ಗಾಡಿ ಕೆಟ್ಟು ಮಾಲು ಬೇರೆ ಗಾಡಿಗೆ ಹಾಕಿದರೆ ಬಿಲ್‌ನಲ್ಲಿ ಗಾಡಿ ನಂಬರ್ ಬದಲಿಸಬೇಕು. ಇದು ಗೊತ್ತಿಲ್ಲದ ಡ್ರೈವರ್ ಚೆಕ್ಕಿಂಗ್‌ನಲ್ಲಿ ಸಿಕ್ಕಿಬಿದ್ದು ದಿನಗಟ್ಟಲೆ ಕೂರುವುದು ನೋಡಿದ್ದೀನಿ.

ಪಾರ್ಸೆಲ್‌ನಲ್ಲಿ ಕಷ್ಟ ಅಂದರೆ ಟೈಮ್. ಬೆಳಿಗ್ಗೆ ಇಷ್ಟು ಗಂಟೆಗೆ ಗಾಡಿ ಮುಟ್ಟಬೇಕು ಅಂತಾರೆ. ಹಾಗಾಗಿ ಇದನ್ನು ಕೇಳಲೇಬೇಕು: ಬೆಂಗಳೂರು ಮುಟ್ಟಿದ ಮೇಲೆ ವಾಪಸ್ ಹೊರಡುವವರೆಗೆ ಎಷ್ಟು ಗಂಟೆ ಬಿಡುವು? ಮಲಗಲು ರೂಮ್ ಇದೆಯಾ, ಇಲ್ಲಾ ಕ್ಯಾಬಿನ್ನೇನಾ? ಮಲಗುವ ಹೊತ್ತಿನಲ್ಲಿ ಅನ್‌ಲೋಡಿಂಗ್‌ಗೆ ನಿಲ್ಲಿಸ್ತಾರಾ? ಸಾರಿಗೆ ಕೆಲಸಗಾರರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಮಿತಿಯನ್ನು 1961ರ ಕಾಯ್ದೆಯಲ್ಲೇ ಬರೆದಿದ್ದರು. ರೋಡಿನ ಮೇಲೆ ಅದು ಎಷ್ಟು ನಡೆಯುತ್ತದೆ ಅಂತ ನಿಮಗೂ ಗೊತ್ತು. ಆದರೆ ನಿದ್ದೆ ಬರ್ತಿದೆ ಅಂತ ಫೋನ್ ಮಾಡಿದರೆ ಕಂಪನಿಯವರು ಏನಂತಾರೆ ಅನ್ನುವುದರಲ್ಲಿ ಕಂಪನಿಗೂ ಕಂಪನಿಗೂ ಬಹಳ ವ್ಯತ್ಯಾಸ ಇದೆ. "ಸೈಡಿಗೆ ಹಾಕಿ ಮಲಗು, ನಾನು ಆಫೀಸಿಗೆ ಹೇಳ್ತೀನಿ" ಅನ್ನುವ ಸೂಪರ್‌ವೈಸರ್ ಇರುವ ಕಡೆ ಸೇರಿ. ಅದನ್ನು ತಿಳಿಯಲು ಅಲ್ಲಿನ ಡ್ರೈವರ್‌ಗಳನ್ನೇ ಕೇಳಬೇಕು, ಗೇಟಿನ ಹೊರಗೆ.

ಎರಡು ಗಾಡಿ ಓನರ್, ಹಿರಿಯೂರು

ಇಲ್ಲಿ ಓನರ್ ಅಂದರೆ ಕೆಟ್ಟವನು ಅನ್ನುವ ಹಾಗೆ ಮಾತು ಹೋಗ್ತಿದೆ. ನಾನೂ ಕ್ಲೀನರ್ ಆಗಿ ಶುರು ಮಾಡಿ, ಡ್ರೈವರ್ ಆಗಿ, ಆಮೇಲೆ ಸಾಲ ಮಾಡಿ ಗಾಡಿ ತಗೊಂಡವನು. ಚಿಕ್ಕ ಓನರ್ ಹತ್ತಿರ ಕಲಿಯುವಷ್ಟು ದೊಡ್ಡ ಕಂಪನಿಯಲ್ಲಿ ಸಿಗಲ್ಲ. ಲೋಡ್ ಹುಡುಕುವುದು, ಬಾಡಿಗೆ ಮಾತಾಡುವುದು, ಬ್ರೋಕರ್ ಜೊತೆ ಲೆಕ್ಕ, ಗ್ಯಾರೇಜ್ ಕೆಲಸ, ಎಲ್ಲ ಕಣ್ಣೆದುರೇ ನಡೆಯುತ್ತದೆ. ಮುಂದೆ ಸ್ವಂತ ಗಾಡಿ ಮಾಡುವ ಆಸೆ ಇದ್ದರೆ ಇದೇ ದಾರಿ. ಗದಗಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ಸಾರಿಗೆ ಕಂಪನಿ ಎಲ್ಲಿಗೆ ಬಂತು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು.

ನನ್ನಂಥವನಿಗೆ ಪಿಎಫ್ ಕೊಡಲು ಆಗಲ್ಲ, ಅದು 20 ಜನ ಇರುವ ಕಡೆ ಕಡ್ಡಾಯ. ಅದಕ್ಕೇ ಚಿಕ್ಕ ಓನರ್ ಹತ್ತಿರ ಬರುವವನು ಬೇರೆ ವಿಷಯ ಕೇಳಬೇಕು. ಡೀಸೆಲ್ ಲೆಕ್ಕ ಹೇಗೆ? ಟ್ಯಾಂಕ್ ಫುಲ್ ಮಾಡಿ ಕಳಿಸಿ, ಬಂದ ಮೇಲೆ ಮತ್ತೆ ಫುಲ್ ಮಾಡಿ ಆವರೇಜ್ (ಲೀಟರ್‌ಗೆ ಎಷ್ಟು ಕಿಲೋಮೀಟರ್ ಅಂತ) ನೋಡಿದರೆ ಅದು ನ್ಯಾಯ. ಘಾಟ್ ಇರುವ ದಾರಿಗೂ ಬಯಲು ದಾರಿಗೂ ಒಂದೇ ಆವರೇಜ್ ಕೇಳಿದರೆ ಅದು ಅನ್ಯಾಯ. ಟೋಲ್ ಫಾಸ್ಟ್ಯಾಗ್‌ನಲ್ಲಿ ಹೋಗುತ್ತೆ, ಜಗಳ ಇಲ್ಲ. ದಾರಿ ಖರ್ಚು, ಲೋಡಿಂಗ್ ಮಾಮೂಲಿ, ಪಂಕ್ಚರ್, ಹಗ್ಗ, ಹಮಾಲಿ ಚಹಾ ದುಡ್ಡು, ಇವೆಲ್ಲ ಯಾರದು? ಮಿಲ್ ಮುಂದೆ ಎರಡು ದಿನ ನಿಂತರೆ ಹಾಲ್ಟಿಂಗ್ ದುಡ್ಡಿನಲ್ಲಿ ಡ್ರೈವರ್ ಪಾಲು ಎಷ್ಟು?

ಜೋಳದ ಲೋಡ್‌ಗೆ ತೂಕದ ಶಾರ್ಟೇಜ್ ಬರುತ್ತದೆ. ತುಂಬುವಾಗ ತೇವ ಇದ್ದರೆ ದಾರಿಯಲ್ಲಿ ಒಣಗಿ ಕಡಿಮೆ ಬರುತ್ತದೆ, ಕದ್ದದ್ದಲ್ಲ. ಎರಡೂ ಕಡೆ ವೇಬ್ರಿಡ್ಜ್ ಚೀಟಿಯ ಫೋಟೋ ತೆಗೆದು ಅಲ್ಲೇ ಓನರ್‌ಗೆ ವಾಟ್ಸಪ್ ಮಾಡು. ಶಾರ್ಟೇಜ್ ಎಷ್ಟರವರೆಗೆ ಬಿಡ್ತೀರಿ ಅಂತ ಮೊದಲೇ ಮಾತಾಡಿಕೋ. ನಾನು ಡ್ರೈವರ್‌ಗೆ ಒಂದು ನೋಟ್‌ಬುಕ್ ಕೊಡ್ತೀನಿ, ಟ್ರಿಪ್ ಮುಗಿದ ದಿನವೇ ಇಬ್ಬರೂ ಕೂತು ಬರೆದು ಸಹಿ ಹಾಕ್ತೀವಿ. ತಿಂಗಳುಗಟ್ಟಲೆ ಲೆಕ್ಕ ಎಳೆಯುವವನ ಹತ್ತಿರ ಯಾವತ್ತೂ ನಿನ್ನ ದುಡ್ಡು ಬಾಕಿ ಇರುತ್ತೆ, ಆಮೇಲೆ ಬಿಡಲೂ ಆಗಲ್ಲ.

ರಾಣೆಬೆನ್ನೂರು ಪಿಕಪ್

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ದಾವಣಗೆರೆ ಸಾವ್ಕಾರರಿಗೆ ಫೋನ್ ಮಾಡಿದ್ದೆ. ಸೇರುವಾಗಲೇ 50,000 ಅಡ್ವಾನ್ಸ್ ಕೊಡ್ತೀನಿ, ತಂಗಿ ಮದುವೆಗೆ ಆಗುತ್ತೆ ಅಂದರು. ಲೈಸೆನ್ಸ್ ಒರಿಜಿನಲ್ ತಮ್ಮ ಹತ್ತಿರ ಇರಲಿ ಅಂದರು, "ಎಲ್ಲ ಡ್ರೈವರ್‌ಗಳೂ ಕೊಟ್ಟಿದ್ದಾರೆ" ಅಂತ. ಲೋಡ್ ಎಷ್ಟು ಹಾಕ್ತೀರಿ ಅಂದಿದ್ದಕ್ಕೆ 24 ಟನ್ ಅಂದರು. ಇದು ಸರೀನಾ?

ತೋರಣಗಲ್ಲು ಟಿಪ್ಪರ್

ಲೈಸೆನ್ಸ್ ಕೊಡಬೇಡ. ಅದನ್ನು ಇಟ್ಟುಕೊಳ್ಳುವುದು ನೀನು ಬಿಟ್ಟು ಹೋಗದಿರಲಿ ಅಂತ, ಬೇರೆ ಕಾರಣ ಏನೂ ಇಲ್ಲ. ಬೇಕಾದರೆ ಜೆರಾಕ್ಸ್ ಕೊಡು. ಖಾಲಿ ಚೆಕ್, ಖಾಲಿ ಬಾಂಡ್ ಪೇಪರ್ ಮೇಲೆ ಸಹಿ ಕೇಳಿದರೂ ಕೊಡಬೇಡ.

ಹಳೇ ಹತ್ತು ಚಕ್ರ, ಚಿತ್ರದುರ್ಗ

24 ಟನ್ ಅಂದರಾ? ಹತ್ತು ಚಕ್ರದ ಗಾಡಿಯ ಒಟ್ಟು ತೂಕ 28.5 ಟನ್ ದಾಟಬಾರದು. 2018ಕ್ಕೆ ಮೊದಲು 25 ಇತ್ತು, ಆಮೇಲೆ ಏರಿಸಿದ್ದು. ಖಾಲಿ ಗಾಡಿಯೇ ಒಂಬತ್ತು ಹತ್ತು ಟನ್ ಇರುತ್ತದೆ. ಅಂದರೆ 18, ಹೆಚ್ಚೆಂದರೆ 19 ಟನ್ ಮಾಲು. ಅವರು ಹೇಳಿದ ಲೆಕ್ಕದಲ್ಲಿ 5 ಟನ್ ಓವರ್‌ಲೋಡ್. ದಂಡ 20,000, ಮೇಲೆ ಪ್ರತಿ ಟನ್‌ಗೆ 2,000. ಒಂದು ಸಲ ಹಿಡಿದರೆ 30,000 ಆಯಿತು, ಜೊತೆಗೆ ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು. ದುಡ್ಡು ಓನರ್ ಕಟ್ಟಿದರೂ ಓವರ್‌ಲೋಡ್ ಕೇಸಿನಲ್ಲಿ ನಿನ್ನ ಲೈಸೆನ್ಸ್ ಮೂರು ತಿಂಗಳು ಸಸ್ಪೆಂಡ್ ಆಗಬಹುದು. ಆ ಮೂರು ತಿಂಗಳು ನಿನಗೆ ಊಟ ಯಾರು ಹಾಕ್ತಾರೆ?

ದಂಡದ ಮಾತು ಬಿಡು, ಬ್ರೇಕ್ ವಿಷಯಕ್ಕೆ ಬಾ. ನಾಮಕ್ಕಲ್‌ಗೆ ಹೋಗುವ ದಾರಿಯಲ್ಲಿ ಕೃಷ್ಣಗಿರಿ ದಾಟಿ ಧರ್ಮಪುರಿ ಆದ ಮೇಲೆ ತೊಪ್ಪೂರ್ ಘಾಟ್ ಸಿಗುತ್ತದೆ. ಅಲ್ಲಿ ಎಷ್ಟು ಲಾರಿ ಬ್ರೇಕ್ ಹಿಡಿಯದೆ ಮುಂದಿನ ಗಾಡಿಗಳಿಗೆ ಗುದ್ದಿವೆ ಅಂತ ಆ ರೋಡಿನಲ್ಲಿ ಓಡಿಸುವ ಯಾರನ್ನಾದರೂ ಕೇಳು. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಹಾಕಬೇಕು, ಎಕ್ಸಾಸ್ಟ್ ಬ್ರೇಕ್ (ಇಂಜಿನ್ ಹೊಗೆ ತಡೆದು ವೇಗ ಇಳಿಸುವ ಬ್ರೇಕ್) ಬಳಸಬೇಕು. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಲೈನರ್ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯಲ್ಲ. ಕೆಲವು ಓನರ್‌ಗಳು ಡೀಸೆಲ್ ಉಳಿಯುತ್ತೆ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕು ಅಂತಾರೆ. ಆ ಮಾತು ಕೇಳಿದ ದಿನವೇ ಕೀ ಟೇಬಲ್ ಮೇಲಿಟ್ಟು ಬಾ. ಲೋಡ್ ಗಾಡಿ ಘಾಟ್‌ನಲ್ಲಿ ಒಮ್ಮೆ ವೇಗ ಹಿಡಿದರೆ ಮತ್ತೆ ಗೇರ್ ಬೀಳುವುದೇ ಇಲ್ಲ.

5 ಟನ್ ಓವರ್‌ಲೋಡ್, ಹೊಸ ಡ್ರೈವರ್, ತೊಪ್ಪೂರ್ ಇಳಿಜಾರು. ಬೇಡ ತಮ್ಮಾ. ನಿನ್ನ ಮಾವನಿಗೆ ಬೇಸರ ಆದರೂ ಪರವಾಗಿಲ್ಲ.

ಎರಡು ಗಾಡಿ ಓನರ್, ಹಿರಿಯೂರು

ಇದನ್ನು ನಾನೂ ಒಪ್ತೀನಿ. ಬಾಡಿಗೆ ಟನ್ ಲೆಕ್ಕದಲ್ಲಿ ಕೊಡುವುದರಿಂದ ಓವರ್‌ಲೋಡ್ ಹಾಕಿದರೇ ಕಂತು ಕಟ್ಟಲು ಆಗೋದು ಅನ್ನುವ ಓನರ್‌ಗಳ ಕಷ್ಟ ನನಗೆ ಗೊತ್ತು. ಆದರೆ ಅದನ್ನು ಹೊಸ ಹುಡುಗನ ಕೈಯಲ್ಲಿ ಮಾಡಿಸಬಾರದು. ಅಡ್ವಾನ್ಸ್ ವಿಷಯ: ತಗೊಳ್ಳುವುದೇ ಆದರೆ ತಿಂಗಳಿಗೆ ಎಷ್ಟು ಮುರೀತೀರಿ ಅಂತ ಬರೆಸಿಕೊಂಡು ತಗೋ. ಮೊದಲ ಕೆಲಸಕ್ಕೆ ಅಡ್ವಾನ್ಸ್ ಇಲ್ಲದೆ ಸೇರುವುದೇ ಒಳ್ಳೆಯದು. ಸಾಲ ಇದ್ದಾಗ "ಈ ಲೋಡ್ ಬೇಡ" ಅನ್ನಲು ಬಾಯಿ ಬರಲ್ಲ.

ಡ್ರೈವರ್ ಮನೆಯಾಕೆ, ಅರಸೀಕೆರೆ

ನಮ್ಮ ಮನೆಯವರು ಲೈನ್ ಗಾಡಿ ಓಡಿಸ್ತಾರೆ. ನಾನು ಬರೆಯಬಹುದಾ ಗೊತ್ತಿಲ್ಲ, ಆದರೆ ಈ ವಿಷಯ ಯಾರೂ ಎತ್ತಲಿಲ್ಲ. ಸೇರುವ ಕಡೆ ಮನೆಯವರಿಗೆ ಒಂದು ನಂಬರ್ ಕೊಡ್ತಾರಾ ಅಂತ ಕೇಳಿ. ರಾತ್ರಿ ಫೋನ್ ಸ್ವಿಚ್ ಆಫ್ ಬಂದರೆ ಗಾಡಿ ಎಲ್ಲಿದೆ ಅಂತ ಜಿಪಿಎಸ್ ನೋಡಿ ಹೇಳುವವರು ಯಾರಾದರೂ ಇರಬೇಕು. ಮೊದಲಿದ್ದ ಕಡೆ ಫೋನ್ ಮಾಡಿದರೆ "ಬರ್ತಾನೆ ಬಿಡಮ್ಮ" ಅಂತ ಇಡುತ್ತಿದ್ದರು. ಈಗಿನ ಕಡೆ ಒಬ್ಬರು ಆಫೀಸಿನವರು ಗಾಡಿ ಯಾವ ಊರು ದಾಟಿದೆ ಅಂತ ಹೇಳ್ತಾರೆ. ಅಷ್ಟಿದ್ದರೂ ನಮಗೆ ನಿದ್ದೆ ಬರುತ್ತದೆ.

ರಜೆ ಬಗ್ಗೆಯೂ ಮೊದಲೇ ಕೇಳಿ. ಯುಗಾದಿ, ಗೌರಿ ಹಬ್ಬ, ಊರ ಜಾತ್ರೆ ಅಂದರೆ ಎಲ್ಲರೂ ಒಟ್ಟಿಗೆ ರಜೆ ಕೇಳ್ತಾರೆ, ಹೊಸಬರಿಗೆ ಕೊನೆಗೆ ಸಿಗೋದು. ತಿಂಗಳಲ್ಲಿ ಎಷ್ಟು ದಿನ ಮನೆಗೆ ಬಿಡ್ತಾರೆ, ಆ ದಿನಗಳಿಗೆ ಸಂಬಳ ಇದೆಯಾ, ಮಕ್ಕಳಿಗೆ ಹುಷಾರಿಲ್ಲ ಅಂದರೆ ಮಧ್ಯದಲ್ಲಿ ಗಾಡಿಗೆ ಬೇರೆ ಡ್ರೈವರ್ ಕಳಿಸ್ತಾರಾ? ನಿಮಗೆ ಇನ್ನೂ ಮದುವೆ ಆಗಿಲ್ಲ ಅನ್ಸುತ್ತೆ, ಆದರೂ ಅಪ್ಪ ಅಮ್ಮ ಇದ್ದಾರಲ್ವಾ.

ಇನ್ನೊಂದು, ಸೊಂಟ. ಕ್ಯಾಬಿನ್ ಸೀಟು ನೋಡಿ. ಸ್ಪಂಜು ಕಿತ್ತುಹೋಗಿ ಹಲಗೆ ಮೇಲೆ ಕೂತ ಹಾಗಿರುವ ಸೀಟಿನಲ್ಲಿ ಓಡಿಸಿ ಓಡಿಸಿ ನಮ್ಮವರಿಗೆ ಈಗ ಬಗ್ಗಲು ಆಗಲ್ಲ. 2025ರ ಅಕ್ಟೋಬರ್‌ನಿಂದ ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳಿಗೆ ಕ್ಯಾಬಿನ್ ಎಸಿ ಕಡ್ಡಾಯ ಮಾಡಿದ್ದಾರೆ. ಹೊಸ ಗಾಡಿ ಇರುವ ಕಡೆ ಸಿಕ್ಕಿದರೆ ಬಿಡಬೇಡಿ. ಬೇಸಿಗೆಯಲ್ಲಿ ಇಂಜಿನ್ ಬಿಸಿ ಹೇಗಿರುತ್ತೆ ಅಂತ ನಮ್ಮವರ ಕಾಲು ನೋಡಿದರೆ ಗೊತ್ತಾಗುತ್ತೆ.

ವಿಮೆ ಕೆಲಸ, ತುಮಕೂರು

ಅಕ್ಕ ಹೇಳಿದ್ದು ಸರಿ ಇದೆ. ನಾನು ವಾಹನ ವಿಮೆ ಕ್ಲೇಮ್‌ಗಳನ್ನು ನೋಡುವವನು. ಡ್ರೈವರ್‌ಗಳು ತಪ್ಪು ತಿಳಿಯುವ ಒಂದು ವಿಷಯ ಹೇಳಬೇಕು. ಲಾರಿ ಪಾಲಿಸಿಯಲ್ಲಿ "ಓನರ್ ಡ್ರೈವರ್ ಪರ್ಸನಲ್ ಆಕ್ಸಿಡೆಂಟ್ 15 ಲಕ್ಷ" ಅಂತ ಇರುತ್ತದೆ. ಅದು ಗಾಡಿಯ ಮಾಲೀಕನಿಗೆ, ಸಂಬಳಕ್ಕಿರುವ ಡ್ರೈವರ್‌ಗೆ ಅಲ್ಲ. ನಿಮ್ಮ ಪಾಲಿಗೆ ಇರುವುದು ಪೇಯ್ಡ್ ಡ್ರೈವರ್ ಹೊಣೆ ಅನ್ನುವ ಸಾಲು. ಪಾಲಿಸಿ ಕಾಪಿ ನೋಡಿ, ಅದರ ಪ್ರೀಮಿಯಂ ಕಟ್ಟಿದ್ದಾರಾ ಅಂತ ಓದಿ. ಅದು ಚಿಲ್ಲರೆ ದುಡ್ಡು, ಒಬ್ಬರಿಗೆ ವರ್ಷಕ್ಕೆ ನೂರು ರೂಪಾಯಿ ಒಳಗೇ. ಕ್ಲೀನರ್‌ನನ್ನೂ ಸೇರಿಸಿದ್ದಾರಾ ನೋಡಿ.

ಕೆಲಸದಲ್ಲಿ ಡ್ರೈವರ್‌ಗೆ ಏನಾದರೂ ಆದರೆ ನೌಕರರ ಪರಿಹಾರದ ನಿಯಮದ (2025ರ ನವೆಂಬರ್‌ವರೆಗೆ 1923ರ ಕಾಯ್ದೆ, ಈಗ ಸಾಮಾಜಿಕ ಭದ್ರತಾ ಸಂಹಿತೆ) ಪ್ರಕಾರ ಮೊತ್ತ ಲೆಕ್ಕ ಹಾಕುವುದು ವಯಸ್ಸು ಮತ್ತು ತಿಂಗಳ ಸಂಬಳದ ಮೇಲೆ. ಇಲ್ಲೇ ಟ್ರಿಪ್ ಲೆಕ್ಕದವರಿಗೆ ಪೆಟ್ಟು ಬೀಳೋದು. ಸಂಬಳ ಎಷ್ಟು ಅನ್ನುವುದಕ್ಕೆ ಒಂದು ಚೂರು ಕಾಗದ ಇರಲ್ಲ. ಕೆಲವು ಸಲ "ಅವನು ನಮ್ಮ ಡ್ರೈವರ್ರೇ ಅಲ್ಲ" ಅಂದುಬಿಡ್ತಾರೆ. ಅದಕ್ಕೆ ದುಡ್ಡು ಕೈಗೆ ತಗೋಬೇಡಿ, ಫೋನ್‌ಪೇಯಲ್ಲೋ ಬ್ಯಾಂಕಿಗೋ ಹಾಕಿಸಿಕೊಳ್ಳಿ. ತಿಂಗಳು ತಿಂಗಳು ಅದೇ ಹೆಸರಿನಿಂದ ದುಡ್ಡು ಬಂದಿದ್ದರೆ ಅದೇ ಸಾಕ್ಷಿ. ಇಎಸ್‌ಐ ಇರುವ ಕಂಪನಿಯಲ್ಲಿ ಈ ತಲೆನೋವು ಕಡಿಮೆ. 21,000 ವರೆಗಿನ ಸಂಬಳದವರಿಗೆ ಅದು ಸಿಗುತ್ತದೆ. ನಿಮ್ಮ ಸಂಬಳದಲ್ಲಿ ಹಿಡಿಯುವುದು ನೂರಕ್ಕೆ ಮುಕ್ಕಾಲು ರೂಪಾಯಿ, ಆಸ್ಪತ್ರೆ ಖರ್ಚು ಮನೆಯವರಿಗೂ ಆಗುತ್ತದೆ.

ನೆಲಮಂಗಲ ಸೂಪರ್‌ವೈಸರ್

ಅಪಘಾತದ ಮಾತು ಬಂದಿದ್ದರಿಂದ ಕೇಳ್ತೀನಿ. ಆ್ಯಕ್ಸಿಡೆಂಟ್ ಆದರೆ ಏನು ಮಾಡಬೇಕು ಅಂತ ನಿಮ್ಮ ಓನರ್ ಸೇರುವ ದಿನವೇ ಹೇಳ್ತಾರಾ? "ಗಾಡಿ ಬಿಟ್ಟು ಓಡಿ ಬಾ" ಅನ್ನುವವರು ಈಗಲೂ ಇದ್ದಾರೆ. ಜನ ಸೇರಿ ಹೊಡೀತಾರೆ ಅನ್ನುವ ಭಯ ಸುಳ್ಳಲ್ಲ, ಕಾಯ್ದೆಯೂ ಅದನ್ನು ಒಪ್ಪುತ್ತದೆ. ಆದರೆ ಅಲ್ಲಿಂದ ಸರಿದು ಹೋದರೂ ತಕ್ಷಣ 112ಕ್ಕೆ, 108ಕ್ಕೆ ಫೋನ್ ಮಾಡಿ ಹತ್ತಿರದ ಸ್ಟೇಷನ್‌ಗೆ ಹೋಗಬೇಕು. 2024ರ ಜನವರಿಯಲ್ಲಿ ಲಾರಿ ಮುಷ್ಕರ ನಡೆದದ್ದು ಹಿಟ್ ಅಂಡ್ ರನ್‌ಗೆ 10 ವರ್ಷದ ಶಿಕ್ಷೆ ವಿರುದ್ಧ. ಆ ಭಾಗವನ್ನು ಜಾರಿ ಮಾಡದೆ ತಡೆದರು. ಆದರೆ ಅಜಾಗರೂಕತೆಯಿಂದ ಸಾವಾದರೆ ಮೊದಲು 2 ವರ್ಷ ಇದ್ದ ಶಿಕ್ಷೆ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ವರ್ಷದವರೆಗೆ ಆಗಿದೆ. ಇದು ಜಾರಿಯಲ್ಲಿದೆ.

ಹಾಗಾಗಿ ಹಳೇ ಡ್ರೈವರ್‌ಗಳನ್ನು ಕೇಳಿ, ಕಳೆದ ಸಲ ಯಾರದ್ದಾದರೂ ಆ್ಯಕ್ಸಿಡೆಂಟ್ ಆದಾಗ ಸ್ಟೇಷನ್‌ಗೆ ಯಾರು ಬಂದರು? ವಕೀಲರನ್ನು ಯಾರು ಹಿಡಿದರು, ಜಾಮೀನು ಯಾರು ಕೊಟ್ಟರು, ಕೋರ್ಟ್ ತಾರೀಖಿಗೆ ಹೋದ ದಿನದ ಸಂಬಳ ಬಂತಾ? ನನ್ನ ಲೆಕ್ಕದಲ್ಲಿ ಸಂಬಳಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಚಿಕ್ಕ ಓನರ್‌ಗಳಲ್ಲಿ ರಾತ್ರೋರಾತ್ರಿ ಕಾರು ಮಾಡಿಕೊಂಡು ಬಂದು ಡ್ರೈವರ್ ಪಕ್ಕ ನಿಂತವರಿದ್ದಾರೆ. ದೊಡ್ಡ ಕಂಪನಿಗಳಲ್ಲಿ ಫೋನ್ ಎತ್ತದವರೂ ಇದ್ದಾರೆ. ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ.

ಮುಳಬಾಗಿಲು ಹೊಸಬ

ಮಧ್ಯೆ ಬರ್ತಿದ್ದೀನಿ, ಕ್ಷಮಿಸಿ. ನನಗೆ ಕಾರಿನ ಲೈಸೆನ್ಸ್ ಬಂದು ಆರು ತಿಂಗಳು. ಕ್ಯಾಂಟರ್‌ಗೆ ಡ್ರೈವರ್ ಬೇಕು, ಹೆವಿ ಇಲ್ಲದಿದ್ದರೂ ನಡೆಯುತ್ತೆ ಅಂತಿದ್ದಾರೆ. ಸೇರಬಹುದಾ?

ವಿಮೆ ಕೆಲಸ, ತುಮಕೂರು

ಗಾಡಿಯ ಆರ್‌ಸಿಯಲ್ಲಿ ಒಟ್ಟು ತೂಕ ನೋಡಿ. 7,500 ಕೆಜಿ ಒಳಗಿದ್ದರೆ ಎಲ್‌ಎಂವಿ (ಕಾರಿನಂಥ ಹಗುರ ಗಾಡಿಯ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಕ್ಯಾಂಟರ್ ಅನ್ನುವ ಹೆಸರಿನಲ್ಲಿ ಅದಕ್ಕಿಂತ ದೊಡ್ಡ ಗಾಡಿಗಳೂ ಇವೆ. 11 ಟನ್, 14 ಟನ್ ಗಾಡಿಗಳಿಗೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕೇ ಬೇಕು. ಅದಕ್ಕೆ ಎಲ್‌ಎಂವಿ ಬಂದು ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ಸರಿಯಾದ ಲೈಸೆನ್ಸ್ ಇಲ್ಲದೆ ಓಡಿಸಿ ಅಪಘಾತ ಆದರೆ ವಿಮೆ ಕಂಪನಿ ಕೊಟ್ಟ ದುಡ್ಡನ್ನು ಓನರ್ ಹತ್ತಿರ ವಸೂಲಿ ಮಾಡುತ್ತದೆ. ಓನರ್ ನಿಮ್ಮ ಮೇಲೆ ಹಾಕ್ತಾರೆ. "ನಡೆಯುತ್ತೆ" ಅಂದವರ ಮಾತು ಆಗ ನಡೆಯಲ್ಲ.

ರಾಣೆಬೆನ್ನೂರು ಪಿಕಪ್

ಹುಬ್ಬಳ್ಳಿಗೆ ಹೋಗಿ ಬಂದೆ. ಗೇಟ್ ಹೊರಗಿನ ಹೋಟೆಲ್‌ನಲ್ಲಿ ಅಲ್ಲಿನ ಡ್ರೈವರ್‌ಗಳ ಜೊತೆ ಕೂತು ಮಾತಾಡಿದೆ. ಸೆಕೆಂಡ್ ಡ್ರೈವರ್‌ಗೆ ಹಗಲು ಹೊತ್ತಿನಲ್ಲಿ ಹೈವೇ ಮೇಲೆ ಮೊದಲ ತಿಂಗಳಿನಿಂದಲೇ ಸ್ಟೇರಿಂಗ್ ಕೊಡ್ತಾರಂತೆ. ರಾತ್ರಿ ಓಡಿಸಲು ಅವರ ಇನ್‌ಸ್ಟ್ರಕ್ಟರ್ ಪಾಸ್ ಮಾಡಬೇಕು. ಬೆಂಗಳೂರಿನಲ್ಲಿ ಮಲಗಲು ಹಾಲ್ ಇದೆ, ಸ್ನಾನಕ್ಕೆ ಜಾಗ ಇದೆ. ಅನ್‌ಲೋಡಿಂಗ್ ಹಮಾಲರದ್ದು. ಒಬ್ಬರು ಮಾತ್ರ ಡೀಸೆಲ್ ಆವರೇಜ್ ಕಡಿಮೆ ಬಂದರೆ ಇನ್ಸೆಂಟಿವ್ ಕೊಡಲ್ಲ ಅಂತ ಬೇಸರ ಮಾಡಿಕೊಂಡರು, ಸಂಬಳಕ್ಕೆ ಕೈ ಹಾಕಲ್ಲ ಅಂದರು. ಗಾಡಿಗಳೆಲ್ಲ ಬಿಎಸ್6 (ಹೊಸ ಹೊಗೆ ನಿಯಮದವು). ಎರಡು ನಂಬರ್ ಆ್ಯಪ್‌ನಲ್ಲಿ ಹಾಕಿ ನೋಡಿದೆ, ಎಲ್ಲ ಸರಿಯಾಗಿದೆ. ದಾವಣಗೆರೆ ಸಾವ್ಕಾರರಿಗೆ ಮಾವನ ಕೈಯಲ್ಲೇ ಬೇಡ ಅಂತ ಹೇಳಿಸಿದೆ.

ಒಂದು ಅನುಮಾನ ಉಳಿದಿದೆ. ಪಿಎಫ್ ಹಿಡೀತಾರೆ ಅಂತಾರೆ, ನಿಜವಾಗಿ ಕಟ್ತಾರಾ ಅಂತ ತಿಳಿಯೋದು ಹೇಗೆ? ಬಿಎಸ್6 ಗಾಡಿಯಲ್ಲಿ ನನಗೆ ಗೊತ್ತಿರಬೇಕಾದ್ದು ಏನಾದರೂ ಇದೆಯಾ?

ನೆಲಮಂಗಲ ಸೂಪರ್‌ವೈಸರ್

ಪಿಎಫ್‌ಗೆ ಯುಎಎನ್ ಅಂತ 12 ಅಂಕಿಯ ನಂಬರ್ ಬರುತ್ತದೆ. ಆಧಾರ್‌ಗೆ, ನಿಮ್ಮದೇ ಮೊಬೈಲ್ ನಂಬರ್‌ಗೆ ಜೋಡಿಸಿಕೊಳ್ಳಿ, ಆಫೀಸಿನವರ ನಂಬರ್ ಹಾಕಲು ಬಿಡಬೇಡಿ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ಪ್ರತಿ ತಿಂಗಳು ನಿಮ್ಮ ಪಾಲು, ಕಂಪನಿ ಪಾಲು ಬೇರೆ ಬೇರೆ ಕಾಣುತ್ತದೆ. ಎರಡನೇ ಸಂಬಳ ಬಂದ ಮೇಲೆ ಒಮ್ಮೆ ನೋಡಿ. ಹಿಡಿದು ಕಟ್ಟಿಲ್ಲ ಅಂದರೆ ಮೊದಲು ಆಫೀಸಿನಲ್ಲಿ ಕೇಳಿ, ಆಮೇಲೆ ಪಿಎಫ್ ಕಚೇರಿಗೆ ದೂರು ಕೊಡಬಹುದು. ಮೊದಲ ತಿಂಗಳ ಸಂಬಳದ ಚೀಟಿಯಿಂದ ಎಲ್ಲವನ್ನೂ ಫೋನಿನಲ್ಲಿ ಇಟ್ಟುಕೊಳ್ಳಿ, ಬಿಡುವಾಗ ಅನುಭವದ ಪತ್ರ ಕೇಳಿ ತಗೊಳ್ಳಿ.

ಹಳೇ ಹತ್ತು ಚಕ್ರ, ಚಿತ್ರದುರ್ಗ

ಬಿಎಸ್6 ಅಂದರೆ ಆಡ್‌ಬ್ಲೂ (ಹೊಗೆ ಶುದ್ಧ ಮಾಡುವ ದ್ರವ) ಟ್ಯಾಂಕ್ ಬೇರೆ ಇರುತ್ತದೆ, ಮುಚ್ಚಳ ನೀಲಿ. ಡೀಸೆಲ್ ಟ್ಯಾಂಕಿಗೆ ಆಡ್‌ಬ್ಲೂ ಬಿದ್ದರೆ ಇಂಜಿನ್ ಸ್ಟಾರ್ಟ್ ಮಾಡಲೇಬೇಡ, ಕಂಪನಿಗೆ ಫೋನ್ ಮಾಡು. ಬಂಕಿನ ಹುಡುಗ ಹಾಕುವಾಗ ಕ್ಯಾಬಿನ್‌ನಲ್ಲಿ ಕೂರದೆ ಇಳಿದು ಪಕ್ಕದಲ್ಲಿ ನಿಲ್ಲು. ಆಡ್‌ಬ್ಲೂ ಖಾಲಿಯಾದರೆ ಗಾಡಿ ಎಳೆಯುವುದು ಕಡಿಮೆ ಮಾಡುತ್ತದೆ, ಡ್ಯಾಶ್‌ನಲ್ಲಿ ಲೈಟ್ ಬರುತ್ತದೆ. ಲೈಟ್ ಬಂದ ಕೂಡಲೇ ಫೋಟೋ ತೆಗೆದು ಆಫೀಸಿಗೆ ಕಳಿಸು, ಆಮೇಲೆ ನೀನು ಹೇಳಲಿಲ್ಲ ಅನ್ನಬಾರದು. ಸೇರುವಾಗ ಒಂದು ಒಳ್ಳೆಯ ಟಾರ್ಚ್, ಟೈರ್ ಗಾಳಿ ನೋಡುವ ಗೇಜ್ ನಿನ್ನದೇ ಇಟ್ಟುಕೋ.